ಪರದೇಶಿ ರೋಗಿ ಮೀಮಾಂಸೆ

ಯಾವ ಶಾಸ್ತ್ರಗ್ರಂಥವಾದರೂ ನಾಲ್ಕು ಪ್ರಶ್ನೆಗೆ ಉತ್ತರ ಕೊಡದೆ ಮುಂದಕ್ಕೆ ಹೆಜ್ಜೆ ಇಡಬಾರದು ಅಂತ ಹಿರಿಯರು ಕಟ್ಟು ಹಾಕಿದ್ದಾರೆ. ವಿಷಯ ಏನು, ಪ್ರಯೋಜನ ಏನು, ಸಂಬಂಧ ಏನು, ಅಧಿಕಾರಿ ಯಾರು? ವಿಷಯ: ಸೇವೆ ಮಾಡಲು ಪರದೇಶಕ್ಕೆ ಹೋಗಿ, ಅಲ್ಲಿ ಸೇವೆ ಮಾಡಿಸಿಕೊಳ್ಳುತ್ತ ಮಲಗಿದ, ಆದರೆ ಮಲಗಲು ಸುತರಾಂ ಒಪ್ಪದ ರೋಗಿ. ಪ್ರಯೋಜನ: ಓದಿದವರಿಗೆ ಏನೂ ಇಲ್ಲ, ಬರೆದವನಿಗೆ, ಆಸ್ಪತ್ರೆ ಬಿಲ್ಲುಗಳ ಹಿಂಬದಿ ಖಾಲಿ ಇತ್ತು, ದಂಡವಾಗಲಿಲ್ಲ. ಸಂಬಂಧ: ಗ್ರಂಥಕರ್ತನೇ ರೋಗಿಯಾದ್ದರಿಂದ ವಿಷಯಕ್ಕೂ ಲೇಖಕನಿಗೂ ಒಂದು ಸೂಜಿಯಷ್ಟು ಮಾತ್ರ ಅಂತರ. ಅಧಿಕಾರಿ, ಅಂದರೆ ಇದನ್ನು ಓದಲು ಯೋಗ್ಯತೆ ಇರುವವರು: ಜ್ವರ ನೂರಮೂರು ಇದ್ದಾಗ ಒಮ್ಮೆಯಾದರೂ "ನಂಗೇನೂ ಆಗಿಲ್ಲ ಬಿಡಿ" ಅಂದವರು. ಹಾಗಾಗಿ ಸಮಸ್ತ ಗಂಡಸರೂ ಅಧಿಕಾರಿಗಳೇ.

ಗ್ರಂಥಕರ್ತ ಮದ್ದೂರಿನ ಒಂದು ಹೈಸ್ಕೂಲಿನ ಕನ್ನಡ ಮೇಷ್ಟ್ರು. ದಸರಾ ರಜೆಗೆ ಹತ್ತು ದಿನ ಗಳಿಕೆ ರಜೆ ಅಂಟಿಸಿಕೊಂಡು, ಸೇಲಂ ಜಿಲ್ಲೆಯ ಶಂಕಗಿರಿಯಲ್ಲಿ ಒಂದು ಮಗ್ಗದ ಕೇರಿಯ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುತ್ತೇನೆ ಅಂತ ತಾನಾಗಿಯೇ ಹೊರಟವನು. ಯಾರೂ ಕರೆದಿರಲಿಲ್ಲ. ಈ ಅಂಶ ಮುಂದೆ ಮುಖ್ಯವಾಗುತ್ತದೆ.

ಪರದೇಶ ನಿರ್ಣಯ

ಶಂಕಗಿರಿ ಪರದೇಶ ಹೌದೋ ಅಲ್ಲವೋ ಅನ್ನುವುದು ಮೊದಲ ವಿವಾದ. ಈ ವಿಷಯದಲ್ಲಿ ಗ್ರಂಥಕರ್ತನ ತಾಯಿಯ ಮತ ಸ್ಪಷ್ಟ: "ಅತ್ತಿಬೆಲೆ ದಾಟುದ್ರೆ ಪರದೇಸ ಕಣ್ಲಾ. ಅಲ್ಲಿ ಮಲ್ಕೊಂಡ್ರೆ ಬಾಯಿಗೆ ನೀರು ಬಿಡೋರು ಯಾರ್ಲಾ?" ಇದನ್ನು ಪೂರ್ವಪಕ್ಷ ಅಂತ ಇಟ್ಟುಕೊಳ್ಳೋಣ.

ಇತಿಹಾಸಕಾರರ ಮತ ಬೇರೆ. ಶಂಕಗಿರಿ ಮೈಸೂರಿನದೇ ಆಗಿತ್ತು. ಮೂರನೇ ಮೈಸೂರು ಯುದ್ಧ ಸೋತ ಟಿಪ್ಪು 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ ಬಿಟ್ಟುಕೊಟ್ಟಾಗ ಬಾರಾಮಹಲು, ಸೇಲಂ, ನಾಮಕ್ಕಲ್ಲುಗಳ ಜೊತೆ ಶಂಕಗಿರಿಯೂ ಕಂಪನಿಯ ಪಾಲಾಯಿತು. ಅಂದರೆ ಮದ್ದೂರಿನವನಿಗೆ ಶಂಕಗಿರಿ ಪರದೇಶವಾಗಿದ್ದು 1792ರಲ್ಲಿ. ಅದಕ್ಕೆ ಮೊದಲು ಅಲ್ಲಿ ಜ್ವರ ಬಂದಿದ್ದರೆ ಅದು ಊರ ಜ್ವರವೇ. ಕನ್ನಡನಾಡು ನಾನೂರು ಹಳ್ಳಿ ಕಳೆದುಕೊಂಡಿತು, ಐನೂರು ಕಳೆದುಕೊಂಡಿತು ಅಂತ ವೇದಿಕೆ ಮೇಲೆ ಮೇಜು ಕುಟ್ಟುವವರು ಈ ಜ್ವರದ ನಷ್ಟವನ್ನು ಲೆಕ್ಕಕ್ಕೆ ಹಿಡಿದಂತಿಲ್ಲ.

ಭಾಷಾಶಾಸ್ತ್ರಜ್ಞರ ಮತ ಇನ್ನೂ ಜಾರಿಕೆಯದು. ಸೇಲಂ, ಧರ್ಮಪುರಿ ಸೀಮೆಯಲ್ಲಿ ದೇವಾಂಗ ನೇಕಾರರು ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುತ್ತ, ಚೌಡೇಶ್ವರಿಗೆ ನಡೆದುಕೊಳ್ಳುತ್ತ, ಹೊಸ್ತಿಲು ದಾಟಿದ ಕೂಡಲೇ ತಮಿಳಿಗೆ ಹೊರಳುತ್ತಾರೆ. ಅಡುಗೆಮನೆ ಸ್ವದೇಶ, ಜಗಲಿ ಪರದೇಶ. ಊರ ಮೇಲಿನ ಕೋಟೆ ಬೆಟ್ಟವೂ ಹೀಗೆಯೇ. ಶಂಖದ ಆಕಾರ ಇದೆಯೆಂದು ಶಂಕಗಿರಿ, ವಿಜಯನಗರದ ಕಾಲದ ಕೋಟೆ, ತುದಿಯಲ್ಲಿ ಚೆನ್ನಕೇಶವ. ಬೇಲೂರಿನವನ ಹೆಸರೇ, ಆದರೆ ಇಲ್ಲಿ ಪೆರುಮಾಳ್. ಕಂಪನಿ ವಿರುದ್ಧ ಕಾದಾಡಿದ ಧೀರನ್ ಚಿನ್ನಮಲೈಯನ್ನು 1805ರ ಜುಲೈ 31ರಂದು ಗಲ್ಲಿಗೇರಿಸಿದ್ದು ಈ ಕೋಟೆಯಲ್ಲೇ. ಅವತ್ತು ಆಡಿ ಹದಿನೆಂಟು, ಹೊಸ ನೀರಿಗೆ ಪೂಜೆ ಮಾಡುವ ಹಬ್ಬ. ಬಂದ ಮೂರನೇ ದಿನ ಕೇರಿಯ ಮಕ್ಕಳು ಗ್ರಂಥಕರ್ತನನ್ನು ಆ ಬೆಟ್ಟ ಹತ್ತಿಸಿದರು. ಅರ್ಧಕ್ಕೇ ಏದುಸಿರು ಬಂದಾಗ "ಕೋಟೆಯ ವಾಸ್ತು ನೋಡ್ತಾ ಇದೀನಿ" ಅಂತ ಕಲ್ಲಿನ ಮೇಲೆ ಕೂತದ್ದು ಈ ರೋಗಿಯ ಮುಂದಿನ ನಡವಳಿಕೆಗೆ ಪೂರ್ವಸೂಚನೆ ಅಂತ ಆಮೇಲೆ ಎಲ್ಲರೂ ಒಪ್ಪಿದರು.

ಸಿದ್ಧಾಂತ ಹೀಗೆ: ಪರದೇಶ ಅನ್ನುವುದು ನೆಲದ ಗುಣವಲ್ಲ, ಮಲಗಿದವನ ಗುಣ. ನಿಂತಿರುವವರೆಗೆ ಎಲ್ಲವೂ ನಮ್ಮ ಊರೇ. ಹಾಸಿಗೆ ಹಿಡಿದ ಕೂಡಲೇ ಮನುಷ್ಯ ಪರದೇಶಿ. ಕನ್ನಡದಲ್ಲಿ 'ಪರದೇಶಿ' ಅಂದರೆ ವಿದೇಶದವನು ಅಂತಲೂ ಹೌದು, ದಿಕ್ಕಿಲ್ಲದವನು ಅಂತಲೂ ಹೌದು. ತಾಯಿಯ ಮತಕ್ಕೆ ನಿಘಂಟಿನ ಬೆಂಬಲ ಇದ್ದದ್ದು ಗ್ರಂಥಕರ್ತನಿಗೆ ತಡವಾಗಿ ಹೊಳೆಯಿತು.

ಸ್ವಯಂಸೇವಕ ಶಬ್ದದ ವಿಗ್ರಹ

ಇಲ್ಲಿ ವೈಯಾಕರಣರಲ್ಲಿ ಎರಡು ಪಂಗಡ. ಸ್ವಯಂ ತಾನಾಗಿ ಸೇವೆ ಮಾಡುವವನು ಸ್ವಯಂಸೇವಕ ಅಂತ ಒಂದು. ತನ್ನ ಸೇವೆಯನ್ನು ತಾನೇ ಮಾಡಿಕೊಳ್ಳುವವನು ಅಂತ ಇನ್ನೊಂದು. ಎರಡನೆಯದು ವ್ಯಾಕರಣಕ್ಕೆ ಒಗ್ಗದಿದ್ದರೂ ಅನುಭವಕ್ಕೆ ಒಗ್ಗುತ್ತದೆ. ಬೆಳಗ್ಗೆ ಎದ್ದು ತನ್ನ ಬಟ್ಟೆ ತಾನೇ ಒಗೆದು, "ಅಯ್ಯೋ ನಿಮಗ್ಯಾಕೆ ತೊಂದರೆ" ಅಂತ ಲೋಟ ತಾನೇ ತೊಳೆದು, ಆತಿಥ್ಯ ಕೊಟ್ಟವರ ಮನೆಯಲ್ಲಿ ಒಂದು ಚಮಚದ ಋಣವೂ ಉಳಿಯದ ಹಾಗೆ ನೋಡಿಕೊಳ್ಳುವವನು. ಕೊಡುವ ಕೈ ಸದಾ ಮೇಲಿರುತ್ತದೆ; ಆ ಎತ್ತರದಿಂದ ಇಳಿಯುವುದು ಯಾರಿಗೆ ಬೇಕು? ತಮಿಳಿನಲ್ಲಿ ಇದಕ್ಕೆ ತನ್ನಾರ್ವಲರ್, ತನ್ನಷ್ಟಕ್ಕೆ ತಾನು ಉತ್ಸಾಹಪಡುವವನು. ನಮ್ಮ ಶಬ್ದಕ್ಕಿಂತ ಪ್ರಾಮಾಣಿಕ.

ಸಂಬಳ ಪಡೆದು ಬಂದು ಕಾಯಿಲೆ ಬಿದ್ದವರನ್ನು ಈ ಶಾಸ್ತ್ರ ಪರಿಗಣಿಸುವುದಿಲ್ಲ. ಆದ್ದರಿಂದ 1792ರಿಂದ ಇದೇ ಬಾರಾಮಹಲಿನಲ್ಲಿ ಕ್ಯಾಪ್ಟನ್ ರೀಡನ ಕೈಕೆಳಗೆ ಕಂದಾಯ ಅಳೆದು, ಆಮೇಲೆ ಮದ್ರಾಸಿನ ಗವರ್ನರ್ ಆಗಿ, 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾಕ್ಕೆ ತುತ್ತಾದ ಥಾಮಸ್ ಮನ್ರೋ ಹೊರಕ್ಕೆ. ಮಲೇರಿಯಾದ ಮೂಲ ಹುಡುಕುತ್ತ 1897ರಲ್ಲಿ ಊಟಿ ಕಡೆ ಹೋಗಿ ತನಗೇ ಮಲೇರಿಯಾ ಅಂಟಿಸಿಕೊಂಡ ರೊನಾಲ್ಡ್ ರಾಸ್ ಕೂಡ ಹೊರಕ್ಕೆ, ಎಷ್ಟೇ ಆಸೆಯಾದರೂ. ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ ಮಾತ್ರ ಲಕ್ಷಣಕ್ಕೆ ಪೂರ್ತಿ ಹೊಂದುತ್ತಾರೆ. 1938ರಲ್ಲಿ ಚೀನಾದ ಯುದ್ಧಭೂಮಿಗೆ ತಾವಾಗಿ ಹೋದರು, ಕಾಯಿಲೆ ಬಂದರೂ ಕೆಲಸ ಬಿಡಲಿಲ್ಲ, 1942ರ ಡಿಸೆಂಬರ್ 9ರಂದು ಅಲ್ಲೇ ತೀರಿಕೊಂಡರು. ಮೂವತ್ತೆರಡು ವರ್ಷ. ಅವರನ್ನು ಈ ಅಣಕಿನೊಳಗೆ ಎಳೆದು ತರಲು ಕೈ ಬರಲಿಲ್ಲ. ಹೆಸರು ಹೇಳಿ ಎದ್ದು ನಿಲ್ಲುತ್ತೇನೆ.

ನಿದಾನ

ಶಂಕಗಿರಿ ಲಾರಿಗಳ ಊರು. ಟೀ ಅಂಗಡಿಯಲ್ಲಿ ಲೋಡಿನ ಮಾತು, ಕಟಿಂಗ್ ಶಾಪಿನಲ್ಲಿ ಪರ್ಮಿಟ್ಟಿನ ಮಾತು. ಲಾರಿ ಇದ್ದಲ್ಲಿ ಟಯರು, ಟಯರು ಇದ್ದಲ್ಲಿ ಹಳೇ ಟಯರು, ಹಳೇ ಟಯರಿನ ಹೊಟ್ಟೆಯೊಳಗೆ ಐಪ್ಪಸಿ ತಿಂಗಳ ಮಳೆನೀರು. ಡೆಂಗಿ ತರುವ ಈಡಿಸ್ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ಹೆರಿಗೆಮನೆ ಬೇಡ. ಅದು ಕೊಚ್ಚೆಯಲ್ಲಿ ಮೊಟ್ಟೆ ಇಡುವುದಿಲ್ಲ, ತಿಳಿನೀರೇ ಆಗಬೇಕು. ರಾತ್ರಿ ಕದ್ದು ಕಚ್ಚುವುದಿಲ್ಲ, ಹಗಲು ಕಚ್ಚುತ್ತದೆ. ಕಾಲಿನ ಮೇಲೆ ಬಿಳಿ ಪಟ್ಟೆ ಬೇರೆ. ಸೊಳ್ಳೆಗಳಲ್ಲಿ ಮಡಿವಂತ ಜಾತಿ. ಗ್ರಂಥಕರ್ತ ರಾತ್ರಿ ಪರದೆ ಕಟ್ಟಿಕೊಂಡು, ಹಗಲು ಟಯರು ರಾಶಿಯ ಪಕ್ಕದ ಜಗಲಿಯಲ್ಲಿ ಪಾಠ ಮಾಡುತ್ತಿದ್ದ.

ಜ್ವರ ಬಂದದ್ದು ಸಂಜೆ, ಒತ್ತಕ್ಷರದ ಪಾಠದ ನಡುವೆ. ಕಣ್ಣುಗುಡ್ಡೆಯ ಹಿಂದೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗೆ. ಆಮೇಲೆ ಕೀಲುಗಳು ಒಂದೊಂದಾಗಿ ಹಾಜರಿ ಹೇಳಿದವು.

ನಮ್ಮ ದರ್ಶನಗಳಲ್ಲಿ ಪ್ರಮಾಣಗಳು ಹಲವು. ಅನಿಚ್ಛಾರೋಗಿ ಒಂದನ್ನೂ ಒಪ್ಪುವುದಿಲ್ಲ. ಥರ್ಮಾಮೀಟರ್ ನೂರಮೂರು ತೋರಿಸಿತು, ಇದು ಪ್ರತ್ಯಕ್ಷ. "ಇದು ಹಳೇ ಮೀಟರು." ಪಕ್ಕದ ಮನೆಯ ಇಬ್ಬರಿಗೆ ಇದೇ ಜ್ವರ, ಇದು ಅನುಮಾನ. "ಅವರದ್ದು ಬೇರೆ, ನಂದು ಬಿಸಿಲು ಹೊಡೆದಿರೋದು." ಮಳೆ ಸುರಿಯುತ್ತಿತ್ತು. ಆಶ್ರಯ ಕೊಟ್ಟ ಮನೆಯ ಅಜ್ಜಿ ಹೇಳಿದ್ದು ಆಪ್ತವಾಕ್ಯ: "ವಾದ್ಯಾರೆ, ಜೊರ ನಿಮ್ಮ ಮಾತು ಕೇಳಾಕಿಲ್ಲ. ಏಳ್ರಿ, ಆಸ್ಪತ್ರಿಗೆ ಹೋಗೋಣ." ಅದಕ್ಕೆ ಗ್ರಂಥಕರ್ತ, ಎರಡು ಕಂಬಳಿಯೊಳಗಿಂದ: "ಮಕ್ಕಳಿಗೆ ರಾಜ್ಯೋತ್ಸವಕ್ಕೆ ಇನ್ನೂ 'ಜ್ಞ' ಬಂದಿಲ್ಲ ಅಜ್ಜಿ."

ಅಜ್ಜಿ ಮೊದಲು ನೆಲಬೇವಿನ ಕಷಾಯ ಕಾಯಿಸಿದಳು. ತಮಿಳಿನಲ್ಲಿ ನಿಲವೇಂಬು, ಡೆಂಗಿ ಕಾಲದಲ್ಲಿ ಸರ್ಕಾರವೇ ಊರೂರಲ್ಲಿ ಹಂಚಿದ ಕಷಾಯ. ಶಬ್ದ ಎರಡೂ ಕಡೆ ಒಂದೇ, ಕಹಿಯೂ ಒಂದೇ. ಒಂದು ಲೋಟ ಕುಡಿದ ಗ್ರಂಥಕರ್ತ "ಈಗ ಪೂರ್ತಿ ಹುಷಾರು" ಅಂದ. ಕಹಿ ಎಷ್ಟಿತ್ತೆಂದರೆ, ಇನ್ನೊಂದು ಲೋಟ ತಪ್ಪಿಸಿಕೊಳ್ಳಲು ಯಾರಾದರೂ ಹುಷಾರಾಗುತ್ತಿದ್ದರು.

ಮಾರನೇ ದಿನ ಅಜ್ಜಿ ವಾದ ಬಿಟ್ಟಳು. ಮೊಮ್ಮಗನಿಗೆ ಕಣ್ಸನ್ನೆ ಮಾಡಿದಳು. ಅವನು ಹತ್ತು ಚಕ್ರದ ಲಾರಿ ಓಡಿಸುವವನು, ನಾಮಕ್ಕಲ್ಲಿಗೆ ಹೊರಟಿದ್ದ. ಗ್ರಂಥಕರ್ತನನ್ನು ಸೊಂಟಕ್ಕೆ ಕೈ ಹಾಕಿ ಎತ್ತಿ, ಕ್ಯಾಬಿನ್ನಿನಲ್ಲಿ ನಿಂಬೆಹಣ್ಣಿನ ಸರದ ಕೆಳಗೆ ಕೂರಿಸಿದ. ಆಸ್ಪತ್ರೆ ಗೇಟಿನಲ್ಲಿ ವಾಚ್‌ಮನ್ ಲಾರಿಯ ಗಾತ್ರ ನೋಡಿ ಕೈ ಅಡ್ಡ ಹಿಡಿದ: ಲೋಡು ಹಿಂದಿನ ಗೇಟಲ್ಲಿ ಇಳಿಸಬೇಕಂತೆ. ಮೊಮ್ಮಗ ಪಕ್ಕದ ಸೀಟಿನ ಕಡೆ ಗಲ್ಲ ತೋರಿಸಿ ಅಂದ: "ಲೋಡೇ ಇವರ್ ದಾನ್‌ಣ್ಣಾ."

ಶಬ್ದ ಪ್ರಕರಣ

ಆಸ್ಪತ್ರೆಯ ಬೋರ್ಡನ್ನು ಗ್ರಂಥಕರ್ತ ಅಕ್ಷರ ಕೂಡಿಸಿ ಓದಿದ: ಪುಱನೋಯಾಳಿಗಳ್. ಜ್ವರದಲ್ಲೂ ರೋಮಾಂಚನ. ತಮಿಳಿನ ಪುಱ ನಮ್ಮ ಹೊರ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು, ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಇಪ್ಪತ್ತಾರು ವರ್ಷ ಬೋರ್ಡಿನ ಮೇಲೆ ಬರೆದ ಪಾಠ ಗೋಡೆ ಮೇಲೆ ಕಣ್ಣೆದುರಿಗೆ ನಿಂತಿತ್ತು. ಪುಱನೋಯಾಳಿ, ಹೊರನೋಯಾಳಿ, ಹೊರರೋಗಿ. ಅದರಲ್ಲೂ 'ಆಳಿ' ಪ್ರತ್ಯಯ! ಮಾತಿನಲ್ಲಿ ಪಳಗಿದವನು ಮಾತಾಳಿ, ಓದಿನಲ್ಲಿ ಪಳಗಿದವನು ಓದಾಳಿ, ಹಾಗೆಯೇ ನೋವಿನಲ್ಲಿ ಪಳಗಿದವನು ನೋಯಾಳಿ. ನಮ್ಮ 'ರೋಗಿ'ಯಲ್ಲಿ ಬರೀ ದೈನ್ಯ. ಇದರಲ್ಲಿ ಒಂದು ಪದವಿ ಇದೆ. ಇದನ್ನೆಲ್ಲ ಅವನು ಡಾಕ್ಟರಮ್ಮನಿಗೆ ವಿವರಿಸಿದ. ಆಕೆ ನಾಲಿಗೆ ನೋಡಿ, ಮೊಣಕೈ ಮೇಲೆ ಪಟ್ಟಿ ಕಟ್ಟಿ, ಚರ್ಮದ ಮೇಲೆ ಎದ್ದ ಕೆಂಪು ಚುಕ್ಕೆ ಎಣಿಸಿ, ಒಂದೇ ಶಬ್ದ ಬರೆದರು: ಉಳ್‌ನೋಯಾಳಿ. ಉಳ್ ಅಂದರೆ ಒಳ. ಅಡ್ಮಿಟ್. ಪಕಾರ ಹಕಾರದ ನಿಯಮ ಇದಕ್ಕೆ ಅನ್ವಯಿಸಲಿಲ್ಲ.

ನಿಜವಾದ ಅಪಘಾತ ಆದದ್ದು ಮರುದಿನ ಬೆಳಗ್ಗೆ. ಎಡಗೈ ಮೇಲೆ ಸೂಜಿ ಕೂರಿಸಿ ಪ್ಲಾಸ್ಟರು ಅಂಟಿಸಿದ್ದರು. ಕೈ ಮಡಿಸಿದರೆ ಡ್ರಿಪ್ಸ್ ನಿಂತು ಕೊಳವೆಯಲ್ಲಿ ರಕ್ತ ಎರಡಂಗುಲ ಹಿಂದಕ್ಕೆ ಬರುತ್ತಿತ್ತು. ಆ ಕೆಂಪು ಎರಡಂಗುಲವನ್ನೇ ನೋಡುತ್ತ ರಾತ್ರಿ ಕಳೆದಿದ್ದ. ಸಿಸ್ಟರ್ ಬಂದು ಚೀಟಿ ಹಿಡಿದು ಕೇಳಿದಳು: "ತೂಕ್ಕಂ ಎಪ್ಪಡಿ ಸಾರ್?"

"ಅರವತ್ತೆಂಟು."

"ಅರುಪತ್ತೆಟ್ಟಾ? ನಿಮಿಷಮಾ?"

"ಇಲ್ಲ ಸಿಸ್ಟರ್, ಕೆಜಿ."

ತಮಿಳಿನಲ್ಲಿ ತೂಕ್ಕಂ ಅಂದರೆ ನಿದ್ದೆ. ಭಾರಕ್ಕೆ ಅವರು ಎಡೈ ಅನ್ನುತ್ತಾರೆ. ಡೆಂಗಿ ಜ್ವರ ಕೆಲವೊಮ್ಮೆ ತಲೆಗೂ ಏರುತ್ತದೆ ಅನ್ನುವುದು ಸಿಸ್ಟರ್ ಓದಿದ್ದಳು. ಕೆಜಿ ಲೆಕ್ಕದಲ್ಲಿ ನಿದ್ದೆ ಮಾಡುವ ಪೇಷಂಟನ್ನು ಕಂಡದ್ದು ಇದೇ ಮೊದಲು. ಡ್ಯೂಟಿ ಡಾಕ್ಟರ್ ಓಡಿ ಬಂದರು. ಟಾರ್ಚು ಹಾಕಿ ಕಣ್ಣು ನೋಡಿದರು, ಇವತ್ತು ಯಾವ ವಾರ ಅಂತ ಕೇಳಿದರು, ನೂರರಿಂದ ಏಳೇಳು ಕಳೆಯುತ್ತ ಬರಲು ಹೇಳಿದರು. ಗ್ರಂಥಕರ್ತ ಕನ್ನಡ ಮೇಷ್ಟ್ರು. ಎಂಬತ್ತಾರರ ಹತ್ತಿರ ನಿಂತುಬಿಟ್ಟ. ಕೇಸ್ ಶೀಟಿನಲ್ಲಿ ಏನೋ ಉದ್ದಕ್ಕೆ ಬರೆದರು. ಊಟದ ಹೊತ್ತಿಗೆ ಅಜ್ಜಿ ಬಂದು ಎರಡೂ ಭಾಷೆ ಬಿಡಿಸಿ ಹೇಳಿದ ಮೇಲೆ ವಾರ್ಡಿಗೆ ವಾರ್ಡೇ ನಕ್ಕಿತು.

ಡೆಂಗಿ ವಾರ್ಡಿನಲ್ಲಿ ಪ್ಲೇಟ್‌ಲೆಟ್ ಅನ್ನುವುದು ಷೇರುಪೇಟೆ. ಆರೋಗ್ಯವಂತನ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಗ್ರಂಥಕರ್ತನದು ಮೊದಲ ದಿನ ತೊಂಬತ್ತು ಸಾವಿರ, ಎರಡನೇ ದಿನ ಐವತ್ತೆಂಟು, ಮೂರನೇ ದಿನ ನಲವತ್ತೊಂದು. ಪಕ್ಕದ ಮಂಚದ ಸಿಮೆಂಟ್ ವ್ಯಾಪಾರಿ ಎಂಬತ್ತಕ್ಕೆ ಏರಿದ್ದ. ಅವನ ಹೆಂಡತಿ ನಮ್ಮನ್ನು ಕನಿಕರದಿಂದ ನೋಡುತ್ತಿದ್ದಳು. ರಕ್ತ ಸೋರದೆ ಇದ್ದರೆ, ಹತ್ತು ಸಾವಿರದ ಹತ್ತಿರಕ್ಕೆ ಇಳಿಯದಿದ್ದರೆ, ಹೊರಗಿನಿಂದ ಪ್ಲೇಟ್‌ಲೆಟ್ ಏರಿಸುವ ಅಗತ್ಯ ಇಲ್ಲ, ನೀರು ಕುಡಿಯಿರಿ, ಸುಮ್ಮನೆ ಮಲಗಿ ಅಂತ ಡಾಕ್ಟರಮ್ಮ ದಿನಾ ಹೇಳುತ್ತಿದ್ದರು. ಅನಿಚ್ಛಾರೋಗಿಗೆ ಈ 'ಸುಮ್ಮನೆ ಮಲಗಿ' ಅನ್ನುವುದಕ್ಕಿಂತ ಕಹಿ ಔಷಧ ಇಲ್ಲ. ಅದರೆದುರು ನೆಲಬೇವು ಪಾಯಸ. ಎದ್ದು ಪಕ್ಕದವನಿಗೆ ನೀರು ಬಗ್ಗಿಸಿಕೊಡಲು ಹೋಗಿ ಡ್ರಿಪ್ಸ್ ಸ್ಟ್ಯಾಂಡು ಕೆಡವಿದ. "ನೀವು ಇಲ್ಲಿ ವಾದ್ಯಾರ್ ಅಲ್ಲ ಸಾರ್, ಪೇಷಂಟ್" ಅಂತ ಸಿಸ್ಟರ್ ತಮಿಳಿನಲ್ಲಿ ಗದರಿಸಿದಳು. ಆ ವಾಕ್ಯ ಮಾತ್ರ ಅನುವಾದವಿಲ್ಲದೆ ಅರ್ಥವಾಯಿತು.

ಇನ್ನೊಂದು ಯಾತನೆ. ಆ ವ್ಯಾಪಾರಿಯನ್ನು ನೋಡಲು ಬಂದವರು ಸೇಲಂ ತಟ್ಟುವಡೆ ಸೆಟ್ಟು ತಂದಿದ್ದರು. ಎರಡು ಗರಿಗರಿ ತಟ್ಟುವಡೆಯ ನಡುವೆ ತುರಿದ ಬೀಟ್‌ರೂಟು, ಕ್ಯಾರೆಟ್ಟು, ಈರುಳ್ಳಿ, ಎರಡು ಬಣ್ಣದ ಚಟ್ನಿ. ಕಚ್ಚಿದ ಸದ್ದು ಗಂಜಿ ಲೋಟ ಹಿಡಿದ ಮದ್ದೂರಿನವನ ಕಿವಿಗೆ ಬಿತ್ತು. ವಡೆಯ ವಿಷಯದಲ್ಲಿ ಮದ್ದೂರಿನವನು ಪರದೇಶದಲ್ಲಿ ಸೋಲೊಪ್ಪಬಾರದು. ಆದರೆ ಆ ಸದ್ದು ಒಪ್ಪಿಸಿತು.

ಪೂರ್ವಾಚಾರ್ಯರು

ಈ ಶಾಸ್ತ್ರಕ್ಕೆ ಒಬ್ಬ ಮೂಲಾಚಾರ್ಯರಿದ್ದಾರೆ. 1914ರ ಆಗಸ್ಟಿನಲ್ಲಿ, ಬ್ರಿಟನ್ ಮಹಾಯುದ್ಧಕ್ಕೆ ಇಳಿದ ಎರಡೇ ದಿನಕ್ಕೆ, ದಕ್ಷಿಣ ಆಫ್ರಿಕಾದಿಂದ ಲಂಡನ್ನಿಗೆ ಬಂದಿಳಿದ ಗಾಂಧಿ, ಗಾಯಾಳು ಸೈನಿಕರ ಶುಶ್ರೂಷೆಗೆ ಅಲ್ಲಿನ ಭಾರತೀಯರ ಸ್ವಯಂಸೇವಕ ದಳ ಕಟ್ಟಿದರು. ದಳದವರು ನೆಟ್ಲಿ ಆಸ್ಪತ್ರೆಗೆ ಸೇವೆಗೆ ಹೋದರು. ಕಟ್ಟಿದವರು ಪ್ಲೂರಸಿ ಹಿಡಿದು ಹಾಸಿಗೆ ಸೇರಿದರು. ಪರದೇಶ, ಸ್ವಯಂಸೇವೆ, ಅನಿಚ್ಛೆ, ಮೂರೂ ಲಕ್ಷಣ ಒಬ್ಬರಲ್ಲೇ. ಡಾಕ್ಟರ್ ಜೀವರಾಜ ಮೆಹ್ತಾ ಹಾಲು ಕುಡಿಯಿರಿ ಅಂದರು. ಗೋಖಲೆ ಒತ್ತಾಯಿಸಿದರು. ಗಾಂಧಿ ಒಂದು ರಾತ್ರಿ ಯೋಚಿಸಿ ಆಗದು ಅಂದರು. ಪರಿಚಯದ ಒಬ್ಬ ಇಂಗ್ಲಿಷ್ ಮಹಿಳೆ, ಇದರಲ್ಲಿ ಹಾಲಿಲ್ಲ ಅಂತ ಒಂದು ಮಾಲ್ಟ್ ಪುಡಿ ಕೊಟ್ಟರು. ಒಂದು ಚಮಚ ಬಾಯಿಗೆ ಹೋದ ಮೇಲೆ ಡಬ್ಬಿಯ ಚೀಟಿ ಓದಿ ನೋಡಿದರೆ ಹಾಲೇ. ನಮ್ಮ ವಾರ್ಡಿನಲ್ಲಿ ಮಂಚಕ್ಕೊಂದು ಹಾರ್ಲಿಕ್ಸ್ ಬಾಟಲಿ ಇತ್ತು. ಒಬ್ಬರೂ ಚೀಟಿ ಓದುವವರಿರಲಿಲ್ಲ.

ಕಡೆಗೆ ಮೆಹ್ತಾ ಪಕ್ಕೆಗೆ ಪ್ಲಾಸ್ಟರು ಸುತ್ತಿ, ಕೆಂಪು ಸಮುದ್ರ ಬರುವವರೆಗೆ ಬಿಚ್ಚಬಾರದು ಅಂತ ಹಡಗು ಹತ್ತಿಸಿದರು. ಗಾಂಧಿ ಎರಡು ದಿನ ತಡೆದು ಬಿಚ್ಚಿದರು. ಹೀಗೆ ಕಾಯಿಲೆಯಿಂದಾಗಿ ಊರಿಗೆ ಹೊರಟವರು 1915ರ ಜನವರಿ 9ರಂದು ಮುಂಬೈಯಲ್ಲಿ ಇಳಿದರು. ಆ ದಿನವನ್ನೇ ಈಗ ಪ್ರವಾಸಿ ಭಾರತೀಯ ದಿವಸ ಅಂತ ಸರ್ಕಾರ ಆಚರಿಸುತ್ತದೆ. ಪ್ಲೂರಸಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಶಂಕಗಿರಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಹತ್ತಿರದ ತಿರುಚೆಂಗೋಡಿನ ಬಳಿ ಪುದುಪಾಳ್ಯದಲ್ಲಿ 1925ರಲ್ಲಿ ಗಾಂಧಿ ಆಶ್ರಮ ಕಟ್ಟಿ ಕೂತವರು ರಾಜಾಜಿ: ಹೊಸೂರು ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಸೇಲಮ್ಮಿನಲ್ಲಿ ವಕೀಲಿ ಮಾಡಿದವರು. 1927ರಲ್ಲಿ ಗಾಂಧಿ ಪ್ರವಾಸದ ನಡುವೆ ನಿಪ್ಪಾಣಿ ಕಡೆ ಕುಸಿದಾಗ, ಅವರನ್ನು ನಂದಿಬೆಟ್ಟದ ಮೇಲೆ ಕೂರಿಸಿ ವಿಶ್ರಾಂತಿ ಮಾಡಿಸಿದ್ದರಲ್ಲಿ ರಾಜಾಜಿಯ ಕೈ ದೊಡ್ಡದು. ಅನಿಚ್ಛಾರೋಗಿಯನ್ನು ಮಲಗಿಸುವ ವಿದ್ಯೆ ಈ ಸೀಮೆಯವರಿಗೆ ಹೀಗೆ ಪರಂಪರೆಯಿಂದ ಬಂದದ್ದು. ನಮ್ಮ ಅಜ್ಜಿಗೆ ಮಾತ್ರ ಬೆಟ್ಟ ಬೇಕಾಗಲಿಲ್ಲ, ಲಾರಿ ಸಾಕಾಯಿತು.

ರಾಜ್ಯೋತ್ಸವ

ನವೆಂಬರ್ ಒಂದು ಹಾಸಿಗೆ ಮೇಲೆಯೇ ಬಂತು. ಹನ್ನೊಂದು ಗಂಟೆಗೆ ಕೇರಿಯ ಮಕ್ಕಳು ಐದು ಜನ ಅಜ್ಜಿಯ ಹಿಂದೆ ಸಾಲಾಗಿ ಒಳಗೆ ಬಂದರು, ತಲೆಗೆ ಎಣ್ಣೆ ಹಾಕಿ, ಇಸ್ತ್ರಿ ಅಂಗಿ ಹಾಕಿ. ಬಾವುಟಕ್ಕೆ ಹಳದಿ ಸಿಕ್ಕಿತ್ತು, ಕೆಂಪು ಸಿಕ್ಕಿರಲಿಲ್ಲ. ಮಗ್ಗದ ಮನೆಯಿಂದ ಕಂದು ಬಣ್ಣದ ಚೂರು ತಂದು ಹೊಲಿದಿದ್ದರು. ಅದನ್ನು ಡ್ರಿಪ್ಸ್ ಸ್ಟ್ಯಾಂಡಿಗೆ ಕಟ್ಟಿದರು. ಸಿಸ್ಟರ್ ಬಂದಳು, ನೋಡಿದಳು, ಬಾಟಲಿಗೆ ತಾಗದ ಹಾಗೆ ಸ್ವಲ್ಪ ಕೆಳಕ್ಕೆ ಕಟ್ಟಿದಳು.

ಎರಡನೇ ಮಗು, ಯಾವಾಗಲೂ ಒತ್ತಕ್ಷರದಲ್ಲಿ ಎಡವುವ ಹುಡುಗಿ, ಸ್ಲೇಟು ತೆಗೆದು ಮೇಷ್ಟ್ರಿಗೆ ಕಾಣದ ಹಾಗೆ ಬರೆದು ತಿರುಗಿಸಿ ಹಿಡಿದಳು. ಕನ್ನಡ ಅಕ್ಷರದಲ್ಲಿ 'ನೋಯಾಳಿ'. ಓತ್ವದ ದೀರ್ಘ ಸರಿಯಾಗಿತ್ತು, ಳಕಾರದ ಹೊಟ್ಟೆಯೂ ಸರಿಯಾಗಿತ್ತು. ಗ್ರಂಥಕರ್ತ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಸೀಮೆಸುಣ್ಣ ಕೇಳಲಿಲ್ಲ. ಬೆನ್ನಿಗೆ ಎರಡು ದಿಂಬು ಕೊಟ್ಟು ಅಜ್ಜಿ ಕೂರಿಸಿದಳು, ಕೂತ. ಗಂಜಿಯನ್ನು ಚಮಚದಲ್ಲಿ ಬಾಯಿಗಿಟ್ಟಳು; ತೆರೆದ. ಲೋಟ ತೊಳೆಯುತ್ತೇನೆ ಅನ್ನಲಿಲ್ಲ. ಅವತ್ತು ಸಂಜೆ ಪ್ಲೇಟ್‌ಲೆಟ್ ಅರವತ್ತಾರಕ್ಕೆ ಏರಿತು. ಎರಡಕ್ಕೂ ಸಂಬಂಧ ಕಲ್ಪಿಸುವುದು ಕಾಕತಾಳೀಯ ನ್ಯಾಯ ಅಂತ ತಾರ್ಕಿಕರು ಹೇಳುತ್ತಾರೆ. ಹೇಳಲಿ.

ಮೂರನೇ ತಾರೀಖು ಡಿಸ್ಚಾರ್ಜ್. ಪ್ಲಾಸ್ಟರು ಕಿತ್ತಾಗ ಮುಂಗೈ ಕೂದಲೂ ಜೊತೆಗೆ ಹೋಯಿತು. ಗ್ರಂಥಕರ್ತ ಅಜ್ಜಿಯಿಂದ ನಾಲ್ಕು ದಿನ ತಮಿಳು ಕಲಿತಿದ್ದ, ಒಂದು ವ್ಯತ್ಯಾಸವೂ ಇನ್ನು ತಪ್ಪಬಾರದು ಅಂತ. ಅದೇ ಸಿಸ್ಟರ್ ಕೊನೆಯ ಚೀಟಿ ಹಿಡಿದು ಬಂದಳು, ಸ್ವಲ್ಪ ನಾಚಿಕೊಂಡು, ಒಂದೊಂದೇ ಶಬ್ದ ಜೋಡಿಸಿ ಕೇಳಿದಳು:

"ಸಾರ್, ತೂಕ ಎಷ್ಟು?"

ಗ್ರಂಥಕರ್ತ ಎದೆಯುಬ್ಬಿಸಿ ಶುದ್ಧ ತಮಿಳಿನಲ್ಲಿ ನಿದ್ದೆಯ ಲೆಕ್ಕ ಕೊಟ್ಟ: "ಆರು ಮಣಿ ನೇರಂ, ಸಿಸ್ಟರ್. ನಡುವುಲ ಎಂದಿರಿಕ್ಕವೇ ಇಲ್ಲೆ."

ಸಿಸ್ಟರ್ ಅಜ್ಜಿಯ ಮುಖ ನೋಡಿದಳು. ಅವಳಿಗೆ ಆ ಕನ್ನಡ ವಾಕ್ಯ ಕಲಿಸಿದ್ದೂ ಅಜ್ಜಿಯೇ. ಆಮೇಲೆ ಮಂಚದ ಕೆಳಗಿದ್ದ ತೂಕದ ಮಿಷನ್ನನ್ನು ಕಾಲಿನಿಂದ ಮುಂದಕ್ಕೆ ತಳ್ಳಿದಳು.

ಅರವತ್ತನಾಲ್ಕು.